ಗಂಡಸರು ಹೇಳದೆ ಹೋಗುವ ದೂರು

ಸಂಜೆ ಕ್ಲಿನಿಕ್ಕಿನ ಬಾಗಿಲು ಹಾಕುವ ಹೊತ್ತಿಗೆ ಬರುವ ರೋಗಿಗಳದ್ದೇ ಒಂದು ಬಗೆ. ಸರದಿಯಲ್ಲಿ ಮುಂದಿದ್ದರೂ ಹಿಂದಿನವರನ್ನು "ನೀವು ಹೋಗಿ, ನನಗೇನೂ ಅವಸರವಿಲ್ಲ" ಎಂದು ಕಳಿಸುತ್ತಾರೆ. ಒಳಗೆ ಬಂದ ಮೇಲೆ ಸೊಂಟ ನೋವು ಎನ್ನುತ್ತಾರೆ, ಗ್ಯಾಸ್ ಎನ್ನುತ್ತಾರೆ, ಸುಸ್ತು ಎನ್ನುತ್ತಾರೆ. ಮಾತ್ರೆ ಬರೆಸಿಕೊಂಡು, ಫೀಸು ಕೊಟ್ಟು, ಬಾಗಿಲಿನವರೆಗೆ ಹೋಗಿ ತಿರುಗುತ್ತಾರೆ. "ಡಾಕ್ಟ್ರೇ, ಇನ್ನೊಂದು ವಿಷಯ..." ಆ ಇನ್ನೊಂದು ವಿಷಯವೇ ಅವರನ್ನು ಅಲ್ಲಿಯವರೆಗೆ ಕರೆತಂದದ್ದು. ಎಷ್ಟೋ ಮಂದಿ ತಿರುಗುವುದೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಡುತ್ತಾರೆ.

ಇಂದು ಆ ಇನ್ನೊಂದು ವಿಷಯವನ್ನೇ ಬರೆಯುತ್ತಿದ್ದೇನೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದೆಲ್ಲ ಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಬಸ್ ನಿಲ್ದಾಣದ ಹಿಂದಿನ ಗೋಡೆ, ರೈಲ್ವೆ ಹಳಿಯ ಪಕ್ಕದ ಕಾಂಪೌಂಡು, ಸಾರ್ವಜನಿಕ ಶೌಚಾಲಯದ ಬಾಗಿಲು, ಇವುಗಳ ಮೇಲೆ ಮನೆಮಂದಿಯೆಲ್ಲ ಓದುವಷ್ಟು ದಪ್ಪ ಅಕ್ಷರದಲ್ಲಿ ಗುಪ್ತ ರೋಗ, ನರ ದೌರ್ಬಲ್ಯ, ಮದುವೆಗೆ ಮುಂಚೆ, ಮದುವೆಯ ನಂತರ ಎಂದೆಲ್ಲ ಬರೆದಿರುವುದನ್ನು ನಾವು ವರ್ಷಗಳಿಂದ ನೋಡುತ್ತಲೇ ಇದ್ದೇವೆ. ಈಗ ಅದೇ ಬರಹ ಗೋಡೆಯಿಂದ ಮೊಬೈಲಿಗೂ ಬಂದಿದೆ. ಗೋಡೆಯ ಮೇಲೆ ಆಗುವ ಮಾತು ವೈದ್ಯರ ಕೋಣೆಯಲ್ಲಿ ಆಗಬಾರದೆಂದರೆ ಹೇಗೆ?

ಸಂಭೋಗಕ್ಕೆ ಸಾಕಾಗುವಷ್ಟು ಶಿಶ್ನ ನಿಮಿರದಿರುವುದು, ಅಥವಾ ನಿಮಿರಿದರೂ ಆ ಸ್ಥಿತಿ ಉಳಿಯದಿರುವುದು, ಇದನ್ನು ನಿಮಿರು ದೌರ್ಬಲ್ಯ ಎನ್ನುತ್ತೇವೆ. ಒಂದು ದಿನ ಆಗಲಿಲ್ಲ, ಪ್ರಯಾಣದ ಆಯಾಸದಲ್ಲಿ ಆಗಲಿಲ್ಲ, ಮನೆಯಲ್ಲಿ ಸಾವು ನೋವು ಇದ್ದಾಗ ಆಗಲಿಲ್ಲ ಎನ್ನುವುದು ಕಾಯಿಲೆಯಲ್ಲ. ಅದು ಯಾವ ಗಂಡಸಿಗೂ ಆಗುವಂಥದ್ದು. ಸಾಮಾನ್ಯವಾಗಿ ಮೂರು ತಿಂಗಳು, ಅದಕ್ಕೂ ಹೆಚ್ಚು ಕಾಲ ತೊಂದರೆ ಹೀಗೇ ಮುಂದುವರಿದರೆ ಮಾತ್ರ ಕಾರಣ ಹುಡುಕಬೇಕು.

ಹೆಸರಿನ ಬಗ್ಗೆಯೂ ಒಂದು ಮಾತು. ಷಂಡ, ನಪುಂಸಕ ಎಂಬ ಶಬ್ದಗಳು ನಮ್ಮಲ್ಲಿ ಬೈಗುಳಗಳಾಗಿವೆ. ಜಗಳದಲ್ಲಿ, ಸಿನಿಮಾದಲ್ಲಿ, ರಾಜಕೀಯ ಭಾಷಣದಲ್ಲಿ ಕೂಡ ಅವು ಕೇಳುತ್ತವೆ. ಬೈಗುಳವನ್ನೇ ಕಾಯಿಲೆಯ ಹೆಸರಾಗಿ ಇಟ್ಟುಕೊಂಡರೆ ರೋಗಿ ಬಾಯಿ ಬಿಡುವುದು ಹೇಗೆ? ಇಂಗ್ಲಿಷಿನಲ್ಲೂ ಇಂಥದೇ ಶಬ್ದವೊಂದು ಬಳಕೆಯಲ್ಲಿತ್ತು. 1992ರ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ತಜ್ಞರ ಸಭೆ ಸೇರಿಸಿದಾಗ ಆ ಶಬ್ದವನ್ನು ಬಿಟ್ಟು, ಆದ ತೊಂದರೆಯನ್ನಷ್ಟೇ ಹೇಳುವ ಹೆಸರನ್ನು ಬಳಸಬೇಕೆಂದು ಸೂಚಿಸಲಾಯಿತು. ಕನ್ನಡದಲ್ಲೂ ನಾವು ಆ ಎರಡು ಶಬ್ದಗಳನ್ನು ರೋಗಿಯ ಚೀಟಿಯಿಂದ ಹೊರಗಿಡುವುದು ಒಳ್ಳೆಯದು.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಒಬ್ಬ ಮೇಷ್ಟ್ರು ಆರು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ನನ್ನಲ್ಲಿಗೇ ಬರುತ್ತಿದ್ದರು. ವಯಸ್ಸು ಐವತ್ತರ ಹತ್ತಿರ. ಮೂರು ತಿಂಗಳಿಗೊಮ್ಮೆ ರಿಪೋರ್ಟು ತರುತ್ತಿದ್ದರು, ತಪ್ಪಿಸುತ್ತಿರಲಿಲ್ಲ. ಅವರ ಕಣ್ಣು ಪರೀಕ್ಷೆ ಮಾಡಿಸಿದ್ದೆ, ಪಾದ ಮುಟ್ಟಿ ನೋಡಿದ್ದೆ, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆಯೇ ಎಂದು ನೋಡಿಸಿದ್ದೆ. ಸಕ್ಕರೆ ಕಾಯಿಲೆಯವರಿಗೆ ಕೇಳಬೇಕಾದ ಎಲ್ಲ ಪ್ರಶ್ನೆ ಕೇಳಿದ್ದೆ, ಒಂದನ್ನು ಬಿಟ್ಟು. ಅವರು ಮೇಷ್ಟ್ರು, ಗೌರವಸ್ಥರು, ನನಗಿಂತ ಹಿರಿಯರು. ಹೇಗೆ ಕೇಳುವುದು ಎಂಬ ಸಂಕೋಚ.

ಒಂದು ಮಧ್ಯಾಹ್ನ ಅವರ ಹೆಂಡತಿ ಒಬ್ಬರೇ ಬಂದರು. "ನಮ್ಮನೆಯವರು ಅದೇನೋ ಭಸ್ಮ ತರಿಸ್ಕೊಂಡು ತಿಂತಿದ್ದಾರೆ ಡಾಕ್ಟ್ರೇ. ಎರಡು ವರ್ಷ ಆಯ್ತು. ಸಂಬಳದಲ್ಲಿ ಅದಕ್ಕೇ ಎತ್ತಿಡ್ತಾರೆ. ಕೇಳಿದ್ರೆ ರೇಗ್ತಾರೆ. ನನಗೆ ಅದೆಲ್ಲ ಬೇಕಾಗಿಲ್ಲ ಅಂತ ನೀವಾದ್ರೂ ಹೇಳಿ." ಮೇಷ್ಟ್ರನ್ನು ಕರೆಸಿದೆ. ತಿಂಗಳಿಗೊಮ್ಮೆ ಪಕ್ಕದ ಊರಿನ ಲಾಡ್ಜಿಗೆ ಬಂದು ಕೂರುವ ಒಬ್ಬ 'ವೈದ್ಯ'ನಲ್ಲಿ ಅವರು ಔಷಧ ತೆಗೆದುಕೊಳ್ಳುತ್ತಿದ್ದರು. ಮಾತು ಮಾತಿಗೆ ಇನ್ನೊಂದು ಸಂಗತಿಯೂ ಹೊರಬಿತ್ತು. ಆರು ತಿಂಗಳಿಂದ ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಭಾರ. ಭಸ್ಮದ ಉಷ್ಣ ಅಂದುಕೊಂಡಿದ್ದರಂತೆ. ಇ.ಸಿ.ಜಿ. ಮಾಡಿ, ಟ್ರೆಡ್‌ಮಿಲ್ ಪರೀಕ್ಷೆಗೆ ಕಳಿಸಿದೆ. ಹೃದಯದ ಎರಡು ರಕ್ತನಾಳಗಳಲ್ಲಿ ಅಡ್ಡಿ ಇತ್ತು. ಸ್ಟೆಂಟ್ ಹಾಕಿದರು, ಅವರು ಉಳಿದರು.

ಅವರ ದೇಹ ಎರಡು ವರ್ಷ ಮುಂಚೆಯೇ ಸೂಚನೆ ಕೊಟ್ಟಿತ್ತು. ಅದನ್ನು ಕೇಳಿಸಿಕೊಂಡವನು ಲಾಡ್ಜಿನವನು, ನಾನಲ್ಲ. ಇದು ಹೇಗೆ ಎಂದು ತಿಳಿಯಲು ನಿಮಿರುವಿಕೆ ಹೇಗಾಗುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ತೋಟಕ್ಕೆ ನೀರು ಹಾಯಿಸುವುದನ್ನು ನೋಡಿದವರಿಗೆ ಇದು ಸುಲಭ. ನೀರುಗಂಟಿ ಬಂದು ತೂಬು ಎತ್ತಬೇಕು. ಕಾಲುವೆಯಲ್ಲಿ ನೀರು ಸಲೀಸಾಗಿ ಹರಿಯಬೇಕು. ಪಾತಿ ತುಂಬಿದ ಮೇಲೆ ಬದು ಸೋರದೆ ನೀರು ನಿಲ್ಲಬೇಕು. ಶಿಶ್ನದೊಳಗೆ ಉದ್ದಕ್ಕೂ ಸ್ಪಂಜಿನಂಥ ಎರಡು ಕೊಳವೆಗಳಿವೆ. ಅವುಗಳ ತುಂಬ ಸಣ್ಣ ಸಣ್ಣ ಕೋಣೆಗಳು. ಸಾಮಾನ್ಯ ಹೊತ್ತಿನಲ್ಲಿ ಆ ಕೋಣೆಗಳ ಗೋಡೆಯ ಸ್ನಾಯುಗಳು ಬಿಗಿದುಕೊಂಡಿರುತ್ತವೆ, ಒಳಗೆ ರಕ್ತ ಕಡಿಮೆ. ಮನಸ್ಸು ಉದ್ರೇಕಗೊಂಡಾಗ ಬೆನ್ನುಹುರಿಯ ಮೂಲಕ ನರಗಳು ಸುದ್ದಿ ತರುತ್ತವೆ. ನರದ ತುದಿಯಲ್ಲೂ ರಕ್ತನಾಳದ ಒಳಪದರದಲ್ಲೂ ನೈಟ್ರಿಕ್ ಆಕ್ಸೈಡ್ ಎಂಬ ವಸ್ತು ಬಿಡುಗಡೆಯಾಗುತ್ತದೆ. ಅದು ಸ್ನಾಯುವನ್ನು ಸಡಿಲಿಸುತ್ತದೆ, ಕೋಣೆಗಳು ತೆರೆಯುತ್ತವೆ, ರಕ್ತ ನುಗ್ಗುತ್ತದೆ. ಉಬ್ಬಿದ ಕೋಣೆಗಳು ಹೊರಗಿನ ಗಟ್ಟಿ ಪೊರೆಗೆ ಒತ್ತಿಕೊಂಡಾಗ ರಕ್ತ ಹೊರಹೋಗುವ ದಾರಿ ಅದುಮಿಹೋಗುತ್ತದೆ. ಒಳಬಂದ ರಕ್ತ ಅಲ್ಲೇ ನಿಲ್ಲುತ್ತದೆ. ನಿಮಿರುವಿಕೆ ಎಂದರೆ ಇಷ್ಟೇ. ಇದರಲ್ಲಿ ಎಲುಬಿಲ್ಲ, ಪೌರುಷ ಎಂಬ ಬೇರೊಂದು ದ್ರವವೂ ಇಲ್ಲ. ಇರುವುದು ರಕ್ತ, ನರ ಮತ್ತು ಮನಸ್ಸು. ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಮಾಡುವ ಈ ಕೆಲಸವನ್ನು ಕಂಡುಹಿಡಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ, ಫರ್ಚ್‌ಗಾಟ್, ಇಗ್ನಾರೋ ಮತ್ತು ಮುರಾದ್ ಅವರಿಗೆ, 1998ರಲ್ಲಿ ನೊಬೆಲ್ ಬಹುಮಾನ ಬಂತು.

ಈಗ ಸಕ್ಕರೆ ಕಾಯಿಲೆ ಏನು ಮಾಡುತ್ತದೆ ನೋಡಿ. ನರ ಹಾಳಾದರೆ ನೀರುಗಂಟಿ ಬರುವುದಿಲ್ಲ. ರಕ್ತನಾಳದ ಒಳಪದರ ಹಾಳಾದರೆ ಕಾಲುವೆಯಲ್ಲಿ ಹೂಳು. ಸ್ನಾಯು ಗಡುಸಾದರೆ ಪಾತಿಯಲ್ಲಿ ನೀರು ನಿಲ್ಲುವುದಿಲ್ಲ. ಮೂರನ್ನೂ ಕೆಡಿಸುವ ಕಾಯಿಲೆ ಅದೊಂದೇ ಎಂದರೂ ನಡೆದೀತು. ಮಧುಮೇಹವಿರುವ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ತೊಂದರೆ ಬರುತ್ತದೆ. ಉಳಿದವರಿಗಿಂತ ಹತ್ತು ಹದಿನೈದು ವರ್ಷ ಮುಂಚೆಯೇ ಬರುತ್ತದೆ. ಎಷ್ಟೋ ಸಲ ಈ ತೊಂದರೆಯಿಂದಲೇ ಮೊದಲ ಬಾರಿಗೆ ಸಕ್ಕರೆ ಕಾಯಿಲೆ ಪತ್ತೆಯಾಗುವುದೂ ಉಂಟು. ರಕ್ತದ ಒತ್ತಡ, ಕೊಲೆಸ್ಟರಾಲ್, ಬೀಡಿ ಸಿಗರೇಟು ಇವೂ ಕಾಲುವೆಯಲ್ಲಿ ಹೂಳು ತುಂಬಿಸುವ ಕೆಲಸವನ್ನೇ ಮಾಡುತ್ತವೆ.

ಹೃದಯಕ್ಕೂ ಇದಕ್ಕೂ ಇರುವ ನಂಟು ಇಲ್ಲೇ ಇದೆ. ಶಿಶ್ನಕ್ಕೆ ರಕ್ತ ತರುವ ನಾಳಗಳ ಅಗಲ ಒಂದರಿಂದ ಎರಡು ಮಿಲಿಮೀಟರು. ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳಗಳದು ಮೂರರಿಂದ ನಾಲ್ಕು. ಹೂಳು ಎಲ್ಲ ಕಡೆ ಒಂದೇ ಸಮನೆ ಕೂರುತ್ತಿದ್ದರೂ ಮೊದಲು ಕಟ್ಟುವುದು ಸಣ್ಣ ಕಾಲುವೆ. ಆದ್ದರಿಂದಲೇ ಹೃದಯದ ತೊಂದರೆ ಕಾಣಿಸಿಕೊಳ್ಳುವುದಕ್ಕೆ ಎರಡರಿಂದ ಐದು ವರ್ಷ ಮುಂಚೆ ಅನೇಕರಲ್ಲಿ ನಿಮಿರು ದೌರ್ಬಲ್ಯ ಕಾಣಿಸಿಕೊಂಡಿರುತ್ತದೆ. ನಮ್ಮ ದೇಶದ ಗಂಡಸರಿಗೆ ಹೃದಯಾಘಾತ ಪಾಶ್ಚಾತ್ಯರಿಗಿಂತ ಕೆಲವು ವರ್ಷ ಮುಂಚೆಯೇ ಬರುತ್ತದೆ. ಹಾಗಿರುವಾಗ ಎರಡು ವರ್ಷ ಮುಂಚಿತವಾಗಿ, ಬಿಡಿಗಾಸು ಖರ್ಚಿಲ್ಲದೆ ಸಿಗುವ ಎಚ್ಚರಿಕೆಯನ್ನು ನಾಚಿಕೆಗೆ ಬಲಿ ಕೊಡುವುದು ನನಗಂತೂ ಒಪ್ಪಲಾಗದ ಮಾತು. ನಲವತ್ತು ದಾಟಿದ ಗಂಡಸು ಹೊಸದಾಗಿ ಈ ದೂರು ಹೇಳಿದರೆ, ಎದೆನೋವು ಹೇಳಿದಷ್ಟೇ ಗಂಭೀರವಾಗಿ ವೈದ್ಯರು ತೆಗೆದುಕೊಳ್ಳಬೇಕು. ಎಲ್ಲರಿಗೂ ಹೃದಯದ ಕಾಯಿಲೆ ಇದ್ದೇ ಇರುತ್ತದೆಂದು ಇದರ ಅರ್ಥವಲ್ಲ. ನೋಡಿಸಿಕೊಳ್ಳಬೇಕು ಎಂದಷ್ಟೇ.

ಇದು ಅಪರೂಪದ ಕಾಯಿಲೆಯೇನೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನಲವತ್ತರಿಂದ ಎಪ್ಪತ್ತು ವಯಸ್ಸಿನ ಗಂಡಸರ ಸಮೀಕ್ಷೆ ನಡೆಸಿ 1994ರಲ್ಲಿ ಪ್ರಕಟಿಸಿದಾಗ, ನೂರಕ್ಕೆ ಐವತ್ತೆರಡು ಮಂದಿಯಲ್ಲಿ ಹೆಚ್ಚೋ ಕಡಿಮೆಯೋ ಈ ತೊಂದರೆ ಇತ್ತು. ಸಂಪೂರ್ಣ ವೈಫಲ್ಯ ಇದ್ದದ್ದು ಸುಮಾರು ಹತ್ತು ಮಂದಿಯಲ್ಲಿ.

ಎಲ್ಲವೂ ರಕ್ತನಾಳದ್ದೇ ಎನ್ನಲಾಗದು. ಮನಸ್ಸಿನ ಪಾಲು ದೊಡ್ಡದು, ಅದರಲ್ಲೂ ಚಿಕ್ಕ ವಯಸ್ಸಿನಲ್ಲಿ. ಎರಡನ್ನೂ ಬೇರ್ಪಡಿಸಲು ಒಂದು ಸರಳ ಪ್ರಶ್ನೆ ಇದೆ. ಬೆಳಿಗ್ಗೆ ಎದ್ದಾಗ ನಿಮಿರಿರುತ್ತದೆಯೇ? ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲಿ, ಕನಸು ಬೀಳುವ ಹಂತಗಳಲ್ಲಿ, ರಾತ್ರಿಗೆ ಮೂರರಿಂದ ಐದು ಸಲ ತಾನಾಗಿ ನಿಮಿರುತ್ತದೆ. ಅದು ಸರಿಯಾಗಿದ್ದು ಹೆಂಡತಿಯ ಬಳಿ ಮಾತ್ರ ಆಗುತ್ತಿಲ್ಲವೆಂದರೆ ನರ, ರಕ್ತನಾಳ ಚೆನ್ನಾಗಿವೆ ಎಂದೇ ಬಹುಪಾಲು ಅರ್ಥ. ತಟಕ್ಕನೆ ಶುರುವಾದ ತೊಂದರೆ ಹೆಚ್ಚಾಗಿ ಮನಸ್ಸಿನದು. ತಿಂಗಳುಗಟ್ಟಲೆ ನಿಧಾನವಾಗಿ ಕುಸಿಯುತ್ತ ಬಂದದ್ದು ಹೆಚ್ಚಾಗಿ ದೇಹದ್ದು. ಆದರೆ ದೇಹದಿಂದ ಶುರುವಾದದ್ದಕ್ಕೂ ಆಮೇಲೆ ಮನಸ್ಸಿನ ಭಯ ಸೇರಿಕೊಳ್ಳುತ್ತದೆ. ಹಾಗಾಗಿ ಬರಿ ಟೆನ್ಷನ್ ಎಂದು ಹೇಳಿ ಕಳಿಸುವ ವೈದ್ಯರೂ ತಪ್ಪುತ್ತಾರೆ.

ಹೊಸದಾಗಿ ಮದುವೆಯಾದ ಹುಡುಗರ ಕಥೆ ಬೇರೆ. ಛತ್ರದ ಗದ್ದಲ, ಮೂರು ದಿನದ ನಿದ್ದೆಗೇಡು, ಗುರುತು ಪರಿಚಯ ಅಷ್ಟಕ್ಕಷ್ಟೇ ಇರುವ ಹೆಂಡತಿ, ಬಾಗಿಲ ಹೊರಗೆ ಕಿಸಿಕಿಸಿ ನಗುವ ನೆಂಟರು. ಮೊದಲ ರಾತ್ರಿ ಆಗದಿದ್ದರೆ ಎರಡನೆಯ ರಾತ್ರಿ ಅವನು ಗಂಡನಾಗಿರುವುದಿಲ್ಲ, ತನ್ನನ್ನು ತಾನೇ ಪರೀಕ್ಷಿಸುವ ಇನ್‌ಸ್ಪೆಕ್ಟರ್ ಆಗಿರುತ್ತಾನೆ. ಭಯವಾದಾಗ ಸುರಿಯುವ ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿಯುತ್ತದೆ, ಆಗಬೇಕಾದದ್ದಕ್ಕೆ ತೀರಾ ವಿರುದ್ಧವಾದ ಕೆಲಸ. ಇಂಥವರಿಗೆ ನಾನು ಹೇಳುವುದು, ಎರಡು ಮೂರು ವಾರ ಸಂಭೋಗದ ಪ್ರಯತ್ನವನ್ನೇ ಬಿಡಿ. ಮಾತಾಡಿ, ಪಕ್ಕದಲ್ಲಿ ಮಲಗಿ, ಮುಟ್ಟಿ, ಅಷ್ಟಕ್ಕೇ ನಿಲ್ಲಿಸಿ. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಬರೆದ ಪುಸ್ತಕದಲ್ಲಿ ವಿವರಿಸಿದ ಕ್ರಮ ಇದು. ಇಂದಿಗೂ ಇದು ಫಲ ಕೊಡುತ್ತಿದೆ.

ಇನ್ನು ಧಾತು ನಷ್ಟದ ಭಯ. ಹಸ್ತಮೈಥುನದಿಂದ, ಸ್ವಪ್ನಸ್ಖಲನದಿಂದ ಶಕ್ತಿ ಸೋರಿಹೋಗಿ ಹೀಗಾಯಿತು ಎಂದು ನಂಬಿ ಬರುವ ಯುವಕರು ಇಂದಿಗೂ ಇದ್ದಾರೆ. ಮನೋವೈದ್ಯ ಡಾ. ಎನ್.ಎನ್. ವಿಗ್ 1960ರಲ್ಲೇ ಈ ಭಯಕ್ಕೆ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ವೀರ್ಯದ ಬಹುಭಾಗ ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳಲ್ಲಿ ಊರುವ ದ್ರವ. ಅದು ರಕ್ತವನ್ನು ಹಿಂಡಿ ತೆಗೆದದ್ದಲ್ಲ, ಹೋದರೆ ಮತ್ತೆ ಊರುತ್ತದೆ. ಹಸ್ತಮೈಥುನದಿಂದ ಯಾರ ನರವೂ ಸೊರಗುವುದಿಲ್ಲ. ಸೊರಗುವುದು ಆ ಭಯದಿಂದ.

ಔಷಧದ ವಿಷಯಕ್ಕೆ ಬರೋಣ. ವಯಾಗ್ರಾ ಎಂದು ಎಲ್ಲರ ಬಾಯಲ್ಲಿರುವ ಸಿಲ್ಡೆನಾಫಿಲ್ ಮಾತ್ರೆಯನ್ನು ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನ ಪ್ರಯೋಗಾಲಯದಲ್ಲಿ ಎದೆನೋವಿಗೆಂದು ಪರೀಕ್ಷಿಸುತ್ತಿದ್ದರು. ಎದೆನೋವಿಗೆ ಅಷ್ಟೇನೂ ಉಪಯೋಗವಾಗಲಿಲ್ಲ, ಬೇರೊಂದು ಪರಿಣಾಮ ಕಂಡಿತು. 1998ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮ ದೇಶದ ಕಂಪನಿಗಳೂ ತಯಾರಿಸುವುದರಿಂದ ಇಲ್ಲಿ ಅದು ದುಬಾರಿಯಲ್ಲ. ಸರಿಯಾಗಿ ಬಳಸಿದರೆ ಹೆಚ್ಚಿನವರಿಗೆ ಕೆಲಸ ಮಾಡುತ್ತದೆ. ಆದರೆ ಜನ ತಿಳಿದಂತೆ ಅದು ಆಸೆ ಹುಟ್ಟಿಸುವ ಮಾತ್ರೆಯಲ್ಲ. ಮಾತ್ರೆ ನುಂಗಿ ಗೋಡೆ ನೋಡುತ್ತ ಕೂತರೆ ಏನೂ ಆಗದು. ಮನಸ್ಸು ಉದ್ರೇಕಗೊಂಡು ನೈಟ್ರಿಕ್ ಆಕ್ಸೈಡ್ ಹುಟ್ಟಿದ ಮೇಲೆ, ಅದರ ಪರಿಣಾಮ ಬೇಗ ಅಳಿಯದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಎಣ್ಣೆ ತುಪ್ಪದ ಭಾರೀ ಊಟದ ಮೇಲೆ ತೆಗೆದುಕೊಂಡರೆ ತಡವಾಗುತ್ತದೆ. ಒಮ್ಮೆ ನುಂಗಿ "ಆಗಲಿಲ್ಲ" ಎಂದು ಬಿಟ್ಟವರಲ್ಲಿ ಹಲವರು ಬಿರಿಯಾನಿ ತಿಂದು ಮಾತ್ರೆ ನುಂಗಿದವರು!

ಒಂದು ಎಚ್ಚರಿಕೆಯನ್ನು ಮಾತ್ರ ದಯವಿಟ್ಟು ಕತ್ತರಿಸಿ ಇಟ್ಟುಕೊಳ್ಳಿ. ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ಮಾತ್ರೆ, ನೈಟ್ರೇಟ್ ಗುಂಪಿನ ಯಾವುದೇ ಮಾತ್ರೆ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್, ತಡಲಾಫಿಲ್ ಯಾವುದನ್ನೂ ಮುಟ್ಟಬಾರದು. ಎರಡೂ ಸೇರಿದರೆ ರಕ್ತದ ಒತ್ತಡ ಏಕಾಏಕಿ ಕುಸಿದು ಪ್ರಾಣಕ್ಕೇ ಅಪಾಯ. ಈ ಮಾತ್ರೆ ನುಂಗಿದವರಿಗೆ ಎದೆನೋವು ಬಂದು ಆಸ್ಪತ್ರೆಗೆ ಹೋದರೆ, ನಾಚಿಕೆ ಬಿಟ್ಟು ಮೊದಲು ಅದನ್ನೇ ಹೇಳಬೇಕು. ಸಿಲ್ಡೆನಾಫಿಲ್ ಆದರೆ 24 ಗಂಟೆ, ತಡಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ಪ್ರಾಸ್ಟೇಟ್ ಗ್ರಂಥಿಗೆ ಮಾತ್ರೆ ತೆಗೆದುಕೊಳ್ಳುವವರೂ ವೈದ್ಯರಿಗೆ ತಿಳಿಸಬೇಕು. ನಿಮಿರಿದ್ದು ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ಅದು ಖುಷಿಪಡುವ ಸಂಗತಿಯಲ್ಲ, ತುರ್ತಾಗಿ ಆಸ್ಪತ್ರೆಗೆ ಹೋಗಬೇಕು. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಮಾತ್ರೆ ಇದು. ಮೆಡಿಕಲ್ ಸ್ಟೋರಿನ ಹುಡುಗ ಕಾಗದದಲ್ಲಿ ಸುತ್ತಿ ಕೊಡುತ್ತಾನೆಂದು ತೆಗೆದುಕೊಳ್ಳಬೇಡಿ.

ಲಾಡ್ಜಿನ ಪುಡಿಯಲ್ಲಿ ಏನಿರುತ್ತದೆ? ಗಿಡಮೂಲಿಕೆ ಎಂದು ಮಾರುವ ಇಂಥ ಎಷ್ಟೋ ಪುಡಿ, ಕ್ಯಾಪ್ಸೂಲುಗಳಲ್ಲಿ ಹೇಳದೆ ಕೇಳದೆ ಸಿಲ್ಡೆನಾಫಿಲ್ಲನ್ನೇ ಬೆರೆಸಿರುವುದನ್ನು ಅಮೆರಿಕದ ಔಷಧ ಇಲಾಖೆ ಮತ್ತೆ ಮತ್ತೆ ಪತ್ತೆ ಮಾಡಿದೆ. ಅದರಿಂದ ಗುಣ ಕಂಡರೆ ಆಶ್ಚರ್ಯವಿಲ್ಲ. ಹೃದಯದ ಮಾತ್ರೆ ತಿನ್ನುವವರು ಅದನ್ನು ತಿಂದರೆ ಆಗುವ ಅಪಾಯವನ್ನು ಮೇಲೆ ಹೇಳಿದೆ. ಇದು ಆಯುರ್ವೇದದ ಮೇಲಿನ ದೂರಲ್ಲ. ವಾಜೀಕರಣವು ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು. ಕಲಿತು ನೋಂದಾಯಿಸಿಕೊಂಡ ಆಯುರ್ವೇದ ವೈದ್ಯರು ನಾಡಿ ಹಿಡಿದು, ಸಕ್ಕರೆ ಇದೆಯೇ ಎಂದು ಕೇಳಿಯೇ ಔಷಧ ಕೊಡುತ್ತಾರೆ. ನಾನು ಹೇಳುತ್ತಿರುವುದು ರೂಮಿನ ನಂಬರನ್ನೇ ವಿಳಾಸ ಮಾಡಿಕೊಂಡವರ ಬಗ್ಗೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ನಿಷಿದ್ಧ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಸಜೆ, ದಂಡ, ಅಥವಾ ಎರಡೂ. ಕಾಯ್ದೆ ಬಂದು ಎಪ್ಪತ್ತು ವರ್ಷ ದಾಟಿತು. ಗೋಡೆಗಳಿಗೆ ಅದು ಗೊತ್ತಿದ್ದಂತಿಲ್ಲ.

ಮಾತ್ರೆಯಿಲ್ಲದೆಯೂ ಆಗುವುದಿದೆ. ಇಟಲಿಯ ನೇಪಲ್ಸ್‌ನಲ್ಲಿ ಈ ತೊಂದರೆಯಿದ್ದ 110 ಮಂದಿ ಸ್ಥೂಲಕಾಯದ ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಹಾರ, ನಡಿಗೆ, ತೂಕ ಇಳಿಸುವ ಬಗ್ಗೆ ವಿವರವಾಗಿ ಹೇಳಿಕೊಟ್ಟು ಬೆನ್ನು ಹತ್ತಿದರು. ಇನ್ನೊಂದಕ್ಕೆ ಸಾಮಾನ್ಯ ಸಲಹೆ ಮಾತ್ರ. ಎರಡು ವರ್ಷದ ನಂತರ ಮೊದಲ ಗುಂಪಿನ 55 ಮಂದಿಯಲ್ಲಿ 17 ಮಂದಿಗೆ ಪೂರ್ತಿ ಸರಿಹೋಗಿತ್ತು, ಎರಡನೆಯ ಗುಂಪಿನಲ್ಲಿ ಮೂವರಿಗೆ. 2004ರಲ್ಲಿ ಈ ವರದಿ ಬಂತು. ಹೊಟ್ಟೆ ಕರಗಿಸುವುದು, ಬೀಡಿ ಸಿಗರೇಟು ಬಿಡುವುದು, ಕುಡಿತ ಇಳಿಸುವುದು ನಿಮಗೆ ಗೊತ್ತಿರುವ ಸಲಹೆಗಳೇ, ವಿಸ್ತರಿಸುವುದಿಲ್ಲ. ರಕ್ತದ ಒತ್ತಡಕ್ಕೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ನಿಮಿರುವಿಕೆ ಕುಗ್ಗಬಹುದು. ಅನುಮಾನವಿದ್ದರೆ ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಿ. ನೀವೇ ನಿಲ್ಲಿಸಿದರೆ ಪಾರ್ಶ್ವವಾಯುವಿಗೆ ದಾರಿಯಾದೀತು. ಮಾತ್ರೆ ಫಲಿಸದವರಿಗೆ ನಿರ್ವಾತ ಪಂಪು, ಚುಚ್ಚುಮದ್ದು, ಕೊನೆಗೆ ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಸಾಧನ, ಇವೆಲ್ಲ ಮೂತ್ರಾಂಗ ತಜ್ಞರಲ್ಲಿ ಇವೆ.

ಮೇಷ್ಟ್ರ ಹೆಂಡತಿ ಹೇಳಿದ "ನನಗೆ ಬೇಕಾಗಿಲ್ಲ" ಎಂಬ ಮಾತು ನನ್ನ ತಲೆಯಲ್ಲಿ ಉಳಿದಿದೆ. ಅದು ನಿಜವಿರಬಹುದು. ಗಂಡನ ಮುಖ ಉಳಿಸಲು ಹೇಳಿದ್ದೂ ಇರಬಹುದು. ಎರಡು ವರ್ಷ ಆತ ಬೇರೆ ಕೋಣೆಯಲ್ಲಿ ಮಲಗುತ್ತಿದ್ದನಂತೆ. ಆಕೆ ತನ್ನ ವಯಸ್ಸಾಯಿತು, ತಾನೇ ಬೇಡವಾದೆ ಎಂದುಕೊಂಡಿದ್ದರು. ಆತ ಏನೂ ಹೇಳಿರಲಿಲ್ಲ. ಇಂಥ ಮನೆಗಳು ಬಹಳ ಇವೆ. ಹೆಂಡತಿಗೆ ಹೇಳದೆ ಚಿಕಿತ್ಸೆ ಮಾಡಿಕೊಳ್ಳುವುದು ಅರ್ಧ ಚಿಕಿತ್ಸೆ ಎಂದು ನಾನು ತಿಳಿದಿದ್ದೇನೆ. ಸ್ಟೆಂಟ್ ಹಾಕಿದ ಮೇಲೆ ಹೃದಯದ ವೈದ್ಯರು ನೈಟ್ರೇಟ್ ನಿಲ್ಲಿಸಿ, ಎರಡು ಮಹಡಿ ಮೆಟ್ಟಿಲನ್ನು ನೋವಿಲ್ಲದೆ ಹತ್ತಬಲ್ಲರೆಂದು ನೋಡಿ, ಮಾತ್ರೆಗೆ ಒಪ್ಪಿಗೆ ಕೊಟ್ಟರು. ಆ ಚೀಟಿ ಬರೆದ ದಿನ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದೆ. ಅರ್ಧ ಗಂಟೆ ಹಿಡಿಯಿತು. ಮಾತ್ರೆಗಿಂತ ಅದೇ ಹೆಚ್ಚು ಕೆಲಸ ಮಾಡಿತೋ ಏನೋ.

ಅಂದಿನಿಂದ ಸಕ್ಕರೆ ಕಾಯಿಲೆಯ ಪ್ರತಿ ಗಂಡಸಿಗೂ ಪಾದ ನೋಡುವಾಗಲೇ ಈ ಪ್ರಶ್ನೆಯನ್ನೂ ಕೇಳುತ್ತೇನೆ. ಯಾರೂ ಸಿಟ್ಟಾಗಿಲ್ಲ. ನಿಮ್ಮ ವೈದ್ಯರು ಕೇಳದಿದ್ದರೆ ನೀವೇ ಹೇಳಿ. ಬಾಗಿಲ ಬಳಿ ಹೋಗಿ ತಿರುಗುವುದು ಬೇಡ, ಕೂತ ತಕ್ಷಣ ಹೇಳಿ. "ಹೆಂಡತಿ ಜೊತೆ ಸೇರೋಕೆ ಆಗ್ತಿಲ್ಲ, ಇಷ್ಟು ತಿಂಗಳಾಯ್ತು" ಎಂದರೆ ಸಾಕು, ಉಳಿದದ್ದನ್ನು ಅವರು ಕೇಳುತ್ತಾರೆ. ನರ್ಸು, ಕಾಂಪೌಂಡರ್ ಎದುರಿಗಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಒಬ್ಬರು ತಮ್ಮ ಸಕ್ಕರೆ ರಿಪೋರ್ಟಿನ ಹಿಂದೆಯೇ ಬರೆದು ಕೊಟ್ಟಿದ್ದರು. ಖಾಲಿ ಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸರಾಸರಿ ಸಕ್ಕರೆ, ರಕ್ತದ ಒತ್ತಡ, ಕೊಲೆಸ್ಟರಾಲ್ ನೋಡಿಸಿ. ಆಸೆಯೇ ಕುಗ್ಗಿದ್ದರೆ ಬೆಳಗಿನ ಹೊತ್ತು ಟೆಸ್ಟೋಸ್ಟಿರೋನ್ ಪರೀಕ್ಷೆಯೂ ಬೇಕು, ಕಡಿಮೆ ಬಂದರೆ ಇನ್ನೊಮ್ಮೆ ನೋಡದೆ ಹಾರ್ಮೋನು ಚುಚ್ಚಿಸಿಕೊಳ್ಳಬೇಡಿ. ಹೋಗುವಾಗ ನೀವು ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಕವರಿನಲ್ಲಿ ಹಾಕಿ ಒಯ್ಯಿರಿ. ಲಾಡ್ಜಿನವನು ಕೊಟ್ಟ ಪುಡಿ ಉಳಿದಿದ್ದರೆ ಅದನ್ನೂ ಒಯ್ಯಿರಿ. ಯಾರೂ ಬೈಯುವುದಿಲ್ಲ.